ದಾಸ್ತಾನು ವಹಿ ದಾಟಿ ಬಂದ ಸೂಕ್ಷ್ಮದರ್ಶಕ

ನಮ್ಮ ಊರಿನ ಪ್ರೌಢಶಾಲೆಯ ಬೀರುವಿನಲ್ಲಿ ಸೂಕ್ಷ್ಮದರ್ಶಕಗಳಿವೆ. ನಾನು ವಿಜ್ಞಾನ ಕಲಿಸುವ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಒಂದೂ ಇಲ್ಲ. ಶಿಕ್ಷಕರ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆಗಳ ಓದು ಮುಗಿದ ಸಂಜೆ ನೇರವಾಗಿ ಪ್ರೌಢಶಾಲೆಗೆ ಹೋಗಿ, ಒಂದು ವಾರದ ಮಟ್ಟಿಗೆ ಒಂದನ್ನು ಕೊಡುವಿರಾ ಎಂದು ಕೇಳಿದೆ.

"ಕೊಡಲು ಮನಸ್ಸಿದೆ ಮೇಡಂ. ಆದರೆ ದಾಸ್ತಾನು ವಹಿಯಲ್ಲಿರುವುದು ನಮ್ಮ ಶಾಲೆಯ ಹೆಸರು. ಲೆನ್ಸ್ ಒಡೆದರೆ ಆಡಿಟ್‌ನವರಿಗೆ ಉತ್ತರ ಹೇಳಬೇಕಾದವನು ನಾನು" ಎಂದರು ಮುಖ್ಯೋಪಾಧ್ಯಾಯರು. ಅವರ ಭಯ ನಿಜವಾದದ್ದು.

ನೆರೆಹೊರೆಯ ಶಾಲೆಗಳು ಪ್ರಯೋಗಾಲಯ, ಗ್ರಂಥಾಲಯಗಳನ್ನು ಹಂಚಿಕೊಳ್ಳಬೇಕೆಂದು ಶಿಕ್ಷಣ ಕುರಿತ ಕೊಠಾರಿ ಆಯೋಗ (1964–66) ಹೇಳಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ 5ರಿಂದ 10 ಕಿ.ಮೀ. ಒಳಗಿನ ಅಂಗನವಾಡಿ, ಪ್ರಾಥಮಿಕ ಶಾಲೆಗಳನ್ನು ಒಂದು ಪ್ರೌಢಶಾಲೆಯೊಂದಿಗೆ ಕೂಡಿಸಿ ಶಾಲಾ ಸಂಕೀರ್ಣ ಮಾಡಬೇಕೆನ್ನುತ್ತದೆ. ಒಡೆದರೆ ಹೊಣೆ ಯಾರದು ಎಂಬುದನ್ನು ಮಾತ್ರ ಊರಿನಲ್ಲೇ ತೀರ್ಮಾನಿಸಬೇಕಾಗಿತ್ತು.

ಹಾಗಾಗಿ ವಿಷಯವನ್ನು ನಮ್ಮ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ತಂದೆ. ಪೋಷಕರೇ ಹೆಚ್ಚಾಗಿರುವ ಸಮಿತಿ ಅದು. ಡೇರಿಗೆ ಹಾಲು ಹಾಕಿ ಬಂದಿದ್ದ ಅಧ್ಯಕ್ಷೆ ಎಲ್ಲವನ್ನೂ ಕೇಳಿಸಿಕೊಂಡು, "ಒಡೆದರೆ ನಾವು ಸರಿಮಾಡಿಸಿ ಕೊಡುತ್ತೇವೆ ಎಂದು ನಡಾವಳಿ ಬರೆಯಿರಿ ಟೀಚರ್, ನಾನು ಸಹಿ ಹಾಕುತ್ತೇನೆ. ಏಳನೆಯದು ಮುಗಿಸಿ ನಮ್ಮ ಮಕ್ಕಳು ಹೋಗುವುದು ಅದೇ ಶಾಲೆಗಲ್ಲವೇ?" ಎಂದರು. ಅಷ್ಟು ದಿನ ಅದೇಕೆ ಯಾರ ಬಾಯಲ್ಲೂ ಬಂದಿರಲಿಲ್ಲವೋ! ಪ್ರೌಢಶಾಲೆಯ ಸಮಿತಿಯೂ ಒಪ್ಪಿ, ಎರವಲು ಕೊಟ್ಟದ್ದನ್ನು ಬರೆದಿಡಲು ಒಂದು ಪುಸ್ತಕ ತೆರೆಯಿತು.

ಏಳನೆಯ ತರಗತಿಯವರು ಕೆರೆಯ ನೀರಿನ ಹನಿಯನ್ನು ಗಾಜಿನ ಮೇಲೆ ಹಾಕಿ ಸರದಿಯಲ್ಲಿ ನೋಡಿದರು. ಅದರೊಳಗೆ ಸರಸರನೆ ಓಡಾಡುವ ಜೀವಿಗಳನ್ನು ಕಂಡ ಹುಡುಗಿಯೊಬ್ಬಳು, ಕಾಯಿಸಿದ ಮೇಲೂ ಇವು ಓಡಾಡುತ್ತವೆಯೇ ಎಂದು ಕೇಳಿದಳು. ಬಿಸಿಯೂಟದ ಅಕ್ಕ ಅದೇ ನೀರನ್ನು ಕುದಿಸಿಕೊಟ್ಟರು. ಆರಿದ ಮೇಲೆ ನೋಡಿದಾಗ ಒಂದೂ ಅಲುಗಾಡಲಿಲ್ಲ. ಕಾಯಿಸಿದ ನೀರು ಕುಡಿಯಿರಿ ಎಂದು ನಾನು ಎಷ್ಟು ಹೇಳಿದ್ದರೂ ಆ ನೋಟದಷ್ಟು ನಾಟುತ್ತಿರಲಿಲ್ಲ.

ಆಗಿನಿಂದ ಪಕ್ಕದ ಊರಿನ ಶಾಲೆಯೂ ಅದೇ ಪುಸ್ತಕದಲ್ಲಿ ಸಹಿ ಮಾಡಿ ಉಪಕರಣ ಒಯ್ಯುತ್ತಿದೆ. ಈಗ ನಮಗೆ ಬೇಕಿರುವುದು ಪ್ರೌಢಶಾಲೆಯ ದೈಹಿಕ ಶಿಕ್ಷಕರು, ಶನಿವಾರ ಬೆಳಿಗ್ಗೆ ಒಂದು ಗಂಟೆ ಮಾತ್ರ. ಅವರು ಸಿದ್ಧ, ಎರಡೂ ಸಮಿತಿಗಳು ಸಿದ್ಧ. ಆದರೆ ಅವರನ್ನು ನಿಯೋಜಿಸುವ ಅಧಿಕಾರ ಮೇಲಿನ ಕಚೇರಿಯದು. ಎರಡೂ ನಡಾವಳಿಗಳ ಪ್ರತಿ ಲಗತ್ತಿಸಿ ಮನವಿ ಕಳುಹಿಸಿದ್ದೇವೆ. ಉತ್ತರ ಬರದಿದ್ದರೆ ಅಧ್ಯಕ್ಷೆಯವರೇ ಕಚೇರಿಗೆ ಹೊರಡುವುದೆಂದು ತೀರ್ಮಾನವಾಗಿದೆ.