ಎತ್ತಿಗೆ ಜ್ವರ, ಬರೆ ಗೋಲ್‌ಕೀಪರ್‌ಗೆ

ಮೊದಲೇ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. 2015ರ ಡಿಸೆಂಬರ್ 20ರ ರಾತ್ರಿ ಮಡಗಾಂವಿನ ಫತೋರ್ಡಾ ಸ್ಟೇಡಿಯಂನಲ್ಲಿ ಒಬ್ಬ ಗೋಲ್‌ಕೀಪರ್‌ಗೆ ಬಾಯಿಗೆ ಬಂದಂತೆ ಬೈದವರಲ್ಲಿ ನಾನೂ ಒಬ್ಬ. ಸುತ್ತಲಿನವರು ಕೊಂಕಣಿಯಲ್ಲಿ ಬೈಯುತ್ತಿದ್ದರು. ನಾನು ಕನ್ನಡದಲ್ಲಿ ಬೈದೆ. ಆ ಕೀಪರ್ ಹೆಸರು ಲಕ್ಷ್ಮೀಕಾಂತ್ ಕಟ್ಟಿಮನಿ, ಗೋವಾದವರಾದರೂ ಅಡ್ಡಹೆಸರು ನಮ್ಮ ಕಡೆಯದು, ಅರ್ಥ ಆಗಲಿ ಅಂತ.

ಕಾರವಾರದವರಿಗೆ ಫುಟ್‌ಬಾಲ್ ಅಂದ್ರೆ ಗೋವಾ. ಬೆಂಗಳೂರಿನ ಕಂಠೀರವಕ್ಕೆ ಹೋಗಬೇಕಂದ್ರೆ ಇಡೀ ರಾತ್ರಿ ಬಸ್ಸಲ್ಲಿ ಕೂರಬೇಕು. ಫತೋರ್ಡಾಕ್ಕೆ ಹಾಗಲ್ಲ, ಮಧ್ಯಾಹ್ನ ಮೀನೂಟ ಮುಗಿಸಿ ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ, ಪೆಟ್ರೋಲ್ ಗೋವಾದೊಳಗೆ ಹೋದಮೇಲೇ ಹಾಕಿಸಿ, ಕಾಣಕೋಣದ ಆಚೆಯ ಘಾಟಿ ಹತ್ತಿ ಇಳಿದರೆ ಪಂದ್ಯ ಶುರುವಾಗೋ ಹೊತ್ತಿಗೆ ಸೀಟಲ್ಲಿ ಇರಬಹುದು. ಅವತ್ತು ಹಾಗೇ ಹೋಗಿದ್ದೆವು, ಮೂರು ಬೈಕು, ಆರು ಜನ. ಐಎಸ್‌ಎಲ್ ಅಂದ್ರೆ ಇಂಡಿಯನ್ ಸೂಪರ್ ಲೀಗ್ ಫೈನಲ್. ಎಫ್‌ಸಿ ಗೋವಾ ಮತ್ತು ಚೆನ್ನೈಯಿನ್.

87ನೇ ನಿಮಿಷಕ್ಕೆ ಜೋಫ್ರೆ ಫ್ರೀಕಿಕ್ ಹೊಡೆದು ಗೋವಾ 2-1 ಆಯಿತು. ನಾವು ಕಪ್ ಗೆದ್ದೇಬಿಟ್ಟೆವು ಅಂತ ಒಬ್ಬರ ಮೇಲೊಬ್ಬರು ಬಿದ್ದು ಕುಣಿದೆವು. 90ನೇ ನಿಮಿಷಕ್ಕೆ ಚೆಂಡು ಕಟ್ಟಿಮನಿಗೆ ತಾಗಿ ಒಳಗೆ ಹೋಯಿತು. ಸೆಲ್ಫ್ ಗೋಲ್, 2-2. ಅದಾಗಿ ಉಸಿರು ತೆಗೆದುಕೊಳ್ಳೋದರೊಳಗೆ ಚೆನ್ನೈಯಿನ್‌ನ ಮೆಂಡೋಸಾ ಇನ್ನೊಂದು ಹಾಕಿದ. 3-2, ಮುಗೀತು. ಇಡೀ ದಾರಿ ವಾಪಸ್ ಬರುವಾಗ ನಾವು ಆಡಿದ್ದು ಒಬ್ಬನದೇ ಮಾತು. ಅದೇ ಪಂದ್ಯದಲ್ಲಿ ಅದೇ ಕೀಪರ್ ಪೆನಾಲ್ಟಿ ತಡೆದಿದ್ದರು ಅನ್ನೋದು ಆರು ಜನರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ. ಕೊನೆಯ ಗೋಲಿಗೆ ಡಿಫೆನ್ಸ್‌ನವರು ಎಲ್ಲಿದ್ದರು ಅಂತಲೂ ಯಾರೂ ಕೇಳಲಿಲ್ಲ.

ಈಗ ಇದೆಲ್ಲ ನೆನಪಾಗೋಕೆ ಕಾರಣ ನಮ್ಮ ಅಕ್ಕನ ಮಗ. ಹದಿನೈದು ವರ್ಷ. ನಮ್ಮ ಕೇರಿಯ ಹುಡುಗರ ತಂಡದಲ್ಲಿ ಕೀಪರ್. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆಗೆ ರಜೆ ಅಲ್ವಾ, ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಹಗ್ಗ ಕಟ್ಟಿಕೊಂಡು ಸುಮ್ನೆ ನಿಂತಿರುತ್ತವೆ, ಗಂಡಸರು ಮನೆಯಲ್ಲೇ ಇರುತ್ತಾರೆ, ಆಗ ಈ ಕೆಸರಿನ ಟೂರ್ನಮೆಂಟುಗಳು. ನಮ್ಮ ಗೋಲ್‌ಪೋಸ್ಟಿಗೆ ಕಟ್ಟೋದು ಹಳೆಯ ರಂಪಣಿ ಬಲೆಯ ತುಂಡು. ಎಷ್ಟು ತೊಳೆದರೂ ವಾಸನೆ ಹೋಗಲ್ಲ, ಕೀಪರ್ ಆದವನಿಗೆ ತೊಂಬತ್ತು ನಿಮಿಷವೂ ಬೆನ್ನ ಹಿಂದೆ ತಾರ್ಲೆ ಮೀನಿನ ವಾಸನೆ.

ಫೈನಲ್ ದಿನ ಮಳೆ ನಿಲ್ಲಲೇ ಇಲ್ಲ. ಮೊದಲರ್ಧದಲ್ಲಿ ನಮ್ಮ ಸ್ಟ್ರೈಕರ್ ಖಾಲಿ ಗೋಲಿನ ಮುಂದೆ ಎರಡು ಸಲ ಹೊರಗೆ ಹೊಡೆದ. ಎರಡು ಸಲ! ದ್ವಿತೀಯಾರ್ಧದಲ್ಲಿ ಎದುರಾಳಿ ಹುಡುಗನೊಬ್ಬ ದೂರದಿಂದ ಸುಮ್ನೆ ಒದ್ದ ಚೆಂಡು ನೀರಿನ ಮೇಲೆ ಜಾರಿ, ನಮ್ಮ ಹುಡುಗನ ಎರಡೂ ಕೈಗಳ ನಡುವಿನಿಂದ ನುಸುಳಿ ಒಳಗೆ ಹೋಯಿತು. 1-0, ಸೋತೆವು.

ಅವತ್ತು ರಾತ್ರಿಯೇ ಗ್ರೂಪಿನಲ್ಲಿ ಸ್ಟಿಕರ್ ಬಂತು. ಇವನ ಫೋಟೋ, ಸುತ್ತ ತೂತು ಬಿದ್ದ ಬಲೆ, ಕೆಳಗೆ 'ಹರಕು ಬಲೆ'. ಹೆಸರು ಅಂಟಿಕೊಂಡಿತು. ಈಗ ಅಂಗಡಿಗೆ ಹೋದರೂ ಅದೇ, ಬಸ್ ಸ್ಟ್ಯಾಂಡಲ್ಲೂ ಅದೇ. ಖಾಲಿ ಗೋಲಿಗೆ ಹೊರಗೆ ಹೊಡೆದ ಹುಡುಗನಿಗೆ ಯಾವ ಸ್ಟಿಕರೂ ಬರಲಿಲ್ಲ. ಅವನ ಅಪ್ಪ ಈ ವರ್ಷ ತಂಡಕ್ಕೆ ಜೆರ್ಸಿ ಕೊಡಿಸಿದ್ದರು. ನಮ್ಮ ಭಾವ ಪರ್ಸೀನ್ ಬೋಟಿನಲ್ಲಿ ಬಲೆ ಎಳೆಯೋ ಕೆಲಸದವರು, ಜೆರ್ಸಿ ಕೊಡಿಸೋ ಪೈಕಿ ಅಲ್ಲ. ಇದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಆದರೆ ಬೈಗುಳವೂ ನೀರಿನ ಹಾಗೇ, ತಗ್ಗು ಎಲ್ಲಿದೆ ಅಂತ ಹುಡುಕಿಕೊಂಡೇ ಹರಿಯುತ್ತೆ.

ಮಾರನೆಯ ದಿನ ರಾತ್ರಿ ಹತ್ತೂವರೆಗೆ ಇನ್ನೊಂದು ಮೆಸೇಜು. ಮುಂದಿನ ವರ್ಷದಿಂದ ಹೊಸ ಕೋಚ್ ಬರುತ್ತಾರೆ, ಸರ್ ಅವರ ಇಷ್ಟು ವರ್ಷದ ಸೇವೆಗೆ ಧನ್ಯವಾದ, ಕೆಳಗೆ ಎರಡು ಕೈಮುಗಿದ ಚಿಹ್ನೆ. ಅಷ್ಟೇ. ಸರ್ ಅಂದ್ರೆ ರಿಟೈರ್ ಆದ ಪಿಟಿ ಮಾಸ್ತರು. ಎಂಟು ವರ್ಷದಿಂದ ಒಂದು ರೂಪಾಯಿ ತೆಗೆದುಕೊಳ್ಳದೆ ಬೆಳಿಗ್ಗೆ ಆರಕ್ಕೆ ಬಂದು ಹುಡುಗರನ್ನು ಓಡಿಸಿದವರು. ಅವರೂ ಆ ಗ್ರೂಪಿನಲ್ಲೇ ಇದ್ದರು, ಅಲ್ಲೇ ಓದಿಕೊಂಡರು. ಕೆಳಗೆ ಸಾಲಾಗಿ ಹೆಬ್ಬೆರಳುಗಳು ಬಿದ್ದವು. ನಾನು ಹೆಬ್ಬೆರಳು ಹಾಕಲಿಲ್ಲ, ನಿಜ. ಆದರೆ ಏನೂ ಹೇಳಲೂ ಇಲ್ಲ. ಓದಿ ಮೊಬೈಲ್ ಮಗುಚಿಟ್ಟು ಮಲಗಿದೆ.

ಸಣ್ಣ ಕೇರಿಯ ಕಥೆ, ದೊಡ್ಡ ಕ್ಲಬ್ಬುಗಳಲ್ಲಿ ಹೀಗೆಲ್ಲ ಇರಲಿಕ್ಕಿಲ್ಲ ಅಂತ ಯಾರಾದರೂ ಅಂದುಕೊಂಡಿದ್ದರೆ, ಅದೇ ಫತೋರ್ಡಾದ ಇನ್ನೊಂದು ಕಥೆ ಕೇಳಿ. ಸೆರ್ಗಿಯೋ ಲೊಬೆರಾ ಅಂತ ಸ್ಪೇನಿನ ಕೋಚ್ 2017ರಲ್ಲಿ ಎಫ್‌ಸಿ ಗೋವಾಕ್ಕೆ ಬಂದರು. ಆಮೇಲೆ ಆ ತಂಡ ಆಡಿದ ಆಟ ನೋಡೋದೇ ಒಂದು ಸುಖ, ಹಿಂದಿನಿಂದ ಪಾಸ್ ಮಾಡ್ತಾ ಮಾಡ್ತಾ ಬಂದು ಗೋಲು. 2019ರಲ್ಲಿ ಫೈನಲ್ ತಲುಪಿದರು, ಬೆಂಗಳೂರು ಎಫ್‌ಸಿ ಎದುರು ಹೆಚ್ಚುವರಿ ಸಮಯದಲ್ಲಿ 1-0 ಸೋತರು. ಮುಂದಿನ ಸೀಸನ್ನಿನಲ್ಲಿ ತಂಡ ಅಂಕಪಟ್ಟಿಯ ಮೇಲ್ತುದಿಯಲ್ಲಿತ್ತು. ತುದಿಯಲ್ಲಿ, ಗಮನಿಸಿ. 2020ರ ಜನವರಿ 31ಕ್ಕೆ ಲೊಬೆರಾ ಅವರನ್ನು ತೆಗೆದುಹಾಕಿದರು. ಕ್ಲಿಫರ್ಡ್ ಮಿರಾಂಡಾ ಕೈಗೆ ತಂಡ ಬಂತು, ಜಮ್ಶೆಡ್‌ಪುರವನ್ನು 5-0 ಸೋಲಿಸಿ ಲೀಗ್ ಶೀಲ್ಡ್, ಅಂದ್ರೆ ಲೀಗ್ ಹಂತದಲ್ಲಿ ಮೊದಲು ಬಂದವರಿಗೆ ಕೊಡೋದು, ಗೆದ್ದರು. ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಚಾಂಪಿಯನ್ಸ್ ಲೀಗಿನ ಗುಂಪು ಹಂತಕ್ಕೆ ಹೋದ ಮೊದಲ ಭಾರತೀಯ ಕ್ಲಬ್ ಅಂತ ಹೆಸರೂ ಬಂತು. ಗದ್ದೆ ಹೂಡಿದವರೊಬ್ಬರು, ಕೊಯ್ಲಿನ ಫೋಟೋದಲ್ಲಿ ಇನ್ನೊಬ್ಬರು. ಮಿರಾಂಡಾ ತಪ್ಪೇನಿಲ್ಲ ಬಿಡಿ, ಅವರೂ ಒಳ್ಳೆಯ ಕೆಲಸವನ್ನೇ ಮಾಡಿದರು.

ಲೊಬೆರಾ ಮುಂಬೈ ಸಿಟಿಗೆ ಹೋದರು. ಮರುವರ್ಷ ಶೀಲ್ಡ್ ಮತ್ತು ಕಪ್ ಎರಡೂ ಗೆದ್ದರು. ಆ ಫೈನಲ್ ನಡೆದದ್ದು ಎಲ್ಲಿ? ಫತೋರ್ಡಾದಲ್ಲೇ. ಕೊರೊನಾ ಕಾಲ, ಸ್ಟೇಡಿಯಂ ಖಾಲಿ, ಇಲ್ಲದಿದ್ದರೆ ನಾನು ಹೋಗಿ ಚಪ್ಪಾಳೆ ಹೊಡೆದು ಬರ್ತಿದ್ದೆ. ಇನ್ನೊಂದು ತಮಾಷೆ ಅಂದ್ರೆ, 2019ರ ಆ ಫೈನಲ್ ಗೆದ್ದ ಬೆಂಗಳೂರಿನ ಕೋಚ್ ಕಾರ್ಲೆಸ್ ಕ್ವಾದ್ರಾತ್ ಕೂಡ ಉಳಿಯಲಿಲ್ಲ. ಸತತ ಮೂರು ಸೋಲು, 2021ರ ಜನವರಿಯಲ್ಲಿ ಅವರೂ ಹೊರಗೆ. ಸೋತವರನ್ನೂ ಕಳಿಸಿದರು, ಗೆದ್ದವರನ್ನೂ ಕಳಿಸಿದರು.

ಯಾಕೆ ಯಾವಾಗಲೂ ಕೋಚನ್ನೇ ಕಳಿಸುತ್ತಾರೆ? ಇದಕ್ಕೆ ಉತ್ತರ ಬೈತಖೋಲ ಬಂದರಿನಲ್ಲೇ ಇದೆ. ಆಗಸ್ಟಿನಲ್ಲಿ ಬೋಟು ಕಡಲಿಗೆ ಇಳಿಯುತ್ತೆ. ನಾಲ್ಕು ಟ್ರಿಪ್ಪಿಗೆ ಬಂಗಡೆ ಬೀಳಲಿಲ್ಲ ಅಂದ್ರೆ ಮಾಲೀಕ ಏನು ಮಾಡ್ತಾನೆ? ಬೋಟು ನಡೆಸೋ ತಾಂಡೇಲನನ್ನು ಬದಲಿಸ್ತಾನೆ. ಹೊಸ ಬಲೆಗೆ ಲಕ್ಷಗಟ್ಟಲೆ ದುಡ್ಡು ಬೇಕು, ಇಂಜಿನ್ ಇಳಿಸಿದರೆ ಸೀಸನ್ನೇ ಹೋಯಿತು, ಮೀನು ಎಲ್ಲಿ ಹೋಗಿದೆ ಅಂತ ಕಡಲನ್ನು ಕೇಳೋಕಾಗಲ್ಲ. ತಾಂಡೇಲನಿಗಾದರೆ ಒಂದು ಫೋನು ಸಾಕು. ಫುಟ್‌ಬಾಲಿನಲ್ಲೂ ಅಷ್ಟೇ. ಆಟಗಾರರಿಗೆಲ್ಲ ವರ್ಷಗಟ್ಟಲೆ ಕಾಂಟ್ರಾಕ್ಟು, ಕೊಳ್ಳೋಕೆ ಮಾರೋಕೆ ವರ್ಷಕ್ಕೆ ಎರಡೇ ಸಲ ಬಾಗಿಲು ತೆಗೆಯುತ್ತೆ, ಮಧ್ಯದಲ್ಲಿ ಏನಾದರೂ ಮಾಡಿದೆವು ಅಂತ ತೋರಿಸಬೇಕಂದ್ರೆ ಬದಲಿಸೋಕೆ ಆಗೋದು ಒಬ್ಬನನ್ನೇ.

ಇಂಗ್ಲೆಂಡಿನ ಲೆಸ್ಟರ್ ಸಿಟಿಯ ಕೋಚ್ ರನಿಯೇರಿ ಗತಿ ಆದದ್ದೂ ಇದೇ. 2016ರಲ್ಲಿ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು, ಸೀಸನ್ ಶುರುವಿನಲ್ಲಿ ಬುಕ್ಕಿಗಳು ಒಂದಕ್ಕೆ 5000 ಕೊಡ್ತೀವಿ ಅಂದಿದ್ದ ತಂಡ. ಗೆದ್ದ ಮೇಲೆ ಕಾಂಟೆಯನ್ನು ಚೆಲ್ಸಿಗೆ ಮಾರಿದರು. ಮಿಡ್‌ಫೀಲ್ಡಿನಲ್ಲಿ ಇಬ್ಬರ ಕೆಲಸ ಒಬ್ಬನೇ ಮಾಡ್ತಿದ್ದ ಆಟಗಾರ. ಅವನು ಹೋದ ಮೇಲೆ ತಂಡ ಕೆಳಗೆ ಜಾರಿತು, ಚೆಲ್ಸಿ ಅದೇ ವರ್ಷ ಚಾಂಪಿಯನ್ ಆಯಿತು. 2017ರ ಫೆಬ್ರವರಿಯಲ್ಲಿ, ಕಪ್ ಎತ್ತಿ ಒಂಬತ್ತೇ ತಿಂಗಳಿಗೆ, ರನಿಯೇರಿ ಮನೆಗೆ. ನ್ಯಾಯವಾಗಿ ಹೇಳಬೇಕಂದ್ರೆ, ಅವರು ಹೋದ ನಾಲ್ಕೇ ದಿನಕ್ಕೆ ಅದೇ ಆಟಗಾರರು ಲಿವರ್‌ಪೂಲನ್ನು 3-1 ಸೋಲಿಸಿದರು, ತಂಡ ಕೆಳಗಿನ ಲೀಗಿಗೆ ಬೀಳದೆ ಉಳಿಯಿತು. ಹಾಗಾಗಿ ತೆಗೆದದ್ದೇ ತಪ್ಪು ಅಂತ ನಾನು ವಾದ ಮಾಡಲ್ಲ, ಕೆಲವು ಸಲ ಅದು ಕೆಲಸ ಮಾಡುತ್ತೆ. ನನ್ನ ಪ್ರಶ್ನೆ ಬೇರೆ. ಹಿಂದಿನ ವಾರದವರೆಗೆ ನಡೆದಾಡುತ್ತಿದ್ದ ಆ ಆಟಗಾರರು ನಾಲ್ಕು ದಿನದಲ್ಲಿ ಓಡೋಕೆ ಹೇಗೆ ಕಲಿತರು? ಅವರಿಗೆ ಯಾರು ಕೇಳಿದರು? ಮತ್ತೆ ಇನ್ನೊಂದು, ಅಲ್ಲಿ ಕೆಲಸ ಹೋದ ಮ್ಯಾನೇಜರಿಗೆ ಕಾಂಟ್ರಾಕ್ಟಿನ ಲೆಕ್ಕದಲ್ಲಿ ಕೈತುಂಬ ಪರಿಹಾರವಾದರೂ ಸಿಗುತ್ತೆ. ನಮ್ಮ ಸರ್‌ಗೆ ಸಿಕ್ಕಿದ್ದು ಎರಡು ಕೈಮುಗಿದ ಚಿಹ್ನೆ.

ಕೋಚುಗಳು ಹೋಗಲಿ, ಇನ್ನೊಂದು ತಂಡ ಸಿಗುತ್ತೆ. ಕೀಪರ್ ಹೆಸರು ಹಾಳಾದರೆ ಜೀವನಪೂರ್ತಿ ಹಾಳು. ಬ್ರೆಜಿಲಿನ ಮೋಆಸಿರ್ ಬಾರ್ಬೋಸಾ ಅವರದ್ದು ಕೇಳಿದ್ದೀರಾ? 1950ರ ವಿಶ್ವಕಪ್ಪಿನ ಕೊನೆಯ ಪಂದ್ಯ, ರಿಯೋದ ಮರಕಾನಾ ಸ್ಟೇಡಿಯಂ, ಬ್ರೆಜಿಲಿಗೆ ಡ್ರಾ ಆದರೂ ಸಾಕಿತ್ತು. 79ನೇ ನಿಮಿಷದಲ್ಲಿ ಉರುಗ್ವೆಯ ಗಿಗ್ಗಿಯಾ ಬಲಗಡೆಯಿಂದ ನುಗ್ಗಿ ಬಂದ. ಮೊದಲ ಗೋಲಿಗೂ ಅವನು ಅಲ್ಲಿಂದಲೇ ಮಧ್ಯಕ್ಕೆ ಪಾಸ್ ಕೊಟ್ಟಿದ್ದ. ಈ ಸಲವೂ ಅದನ್ನೇ ಮಾಡ್ತಾನೆ ಅಂತ ಬಾರ್ಬೋಸಾ ಒಂದು ಹೆಜ್ಜೆ ಮುಂದೆ ಸರಿದರು, ಯಾವ ಕೀಪರ್ ಆದರೂ ಸರಿಯುತ್ತಿದ್ದ. ಗಿಗ್ಗಿಯಾ ಆ ಒಂದು ಹೆಜ್ಜೆಯ ಸಂದಿಯಲ್ಲಿ ಒದ್ದ. 2-1.

ಬಾರ್ಬೋಸಾ 2000ನೇ ಇಸವಿಯವರೆಗೆ ಬದುಕಿದ್ದರು. 1993ರಲ್ಲಿ ಬ್ರೆಜಿಲ್ ತಂಡದ ಅಭ್ಯಾಸ ನೋಡೋಕೆ ಹೋದರೆ, ಅಪಶಕುನ ಅಂತ ಒಳಗೆ ಬಿಡಲಿಲ್ಲ. ನಲವತ್ತಮೂರು ವರ್ಷ ಆಗಿತ್ತು ಮಾರಾಯ್ರೆ! ಆ ಸೋಲಿಗೆ ಹೆಚ್ಚು ಬೈಸಿಕೊಂಡ ಮೂವರೂ ಕಪ್ಪು ಬಣ್ಣದವರು, ಬಾರ್ಬೋಸಾ, ಬಿಗೋಡಿ, ಜುವೆನಾಲ್. ಬ್ರೆಜಿಲಿನಂಥ ಬ್ರೆಜಿಲಿನಲ್ಲಿ ಮತ್ತೊಬ್ಬ ಕಪ್ಪು ಕೀಪರ್ ವಿಶ್ವಕಪ್ಪಿನಲ್ಲಿ ಮೊದಲ ಆಯ್ಕೆಯಾಗಿ ನಿಲ್ಲೋಕೆ 2006ರ ಡಿಡಾವರೆಗೆ ಕಾಯಬೇಕಾಯಿತು. 2021ರ ಯೂರೋ ಫೈನಲಿನಲ್ಲಿ ಇಂಗ್ಲೆಂಡಿನ ರ‍್ಯಾಶ್‌ಫರ್ಡ್, ಸ್ಯಾಂಚೋ, ಸಾಕಾ ಪೆನಾಲ್ಟಿಯನ್ನು ಗೋಲು ಮಾಡಲಾಗದ ರಾತ್ರಿ ಅವರ ಮೊಬೈಲಿಗೆ ಬಣ್ಣ ಹಿಡಿದು ಎಂಥೆಂಥ ಬೈಗುಳ ಬಂತು ಅಂತ ಎಲ್ಲರಿಗೂ ಗೊತ್ತು. ಸಾಕಾಗೆ ಆಗ ಹತ್ತೊಂಬತ್ತು ವರ್ಷ. ಅಲ್ಲಿ ಬಣ್ಣ, ಇಲ್ಲಿ ಜೆರ್ಸಿ ದುಡ್ಡು. ತಗ್ಗಿನ ಹೆಸರು ಮಾತ್ರ ಬೇರೆ.

ಕಟ್ಟಿಮನಿ ಕಥೆ ಅರ್ಧಕ್ಕೆ ಬಿಟ್ಟಿದ್ದೆ. 2022ರ ಮಾರ್ಚ್ 20, ಮತ್ತೆ ಐಎಸ್‌ಎಲ್ ಫೈನಲ್, ಮತ್ತೆ ಅದೇ ಫತೋರ್ಡಾ. ಈಗ ಅವರು ಹೈದರಾಬಾದ್ ಎಫ್‌ಸಿ ಕೀಪರ್, ಎದುರಿಗೆ ಕೇರಳ ಬ್ಲಾಸ್ಟರ್ಸ್. ಸ್ಟೇಡಿಯಂ ತುಂಬ ಹಳದಿ ಅಂಗಿ. 1-1 ಆಗಿ ಶೂಟೌಟಿಗೆ ಹೋಯಿತು. ನಾನು ಆ ಹೊತ್ತಿಗೆ ಬಂದರಿನ ಹತ್ತಿರದ ಚಾ ಅಂಗಡಿಯ ಬೆಂಚಲ್ಲಿ ಕೂತು ಮೊಬೈಲಲ್ಲಿ ನೋಡ್ತಿದ್ದೆ. ಒಂದು ತಡೆದರು. ಇನ್ನೊಂದು ತಡೆದರು. ಮೂರನೆಯದನ್ನೂ ತಡೆದರು. ಹೈದರಾಬಾದ್ 3-1. ಆರು ವರ್ಷದ ಹಿಂದೆ ನಾನು ಕೂಗಿದ ಮಾತು ನನಗೆ ಅಕ್ಷರ ಅಕ್ಷರ ನೆನಪಾಯಿತು. ಚಾ ಆರಿಹೋಗಿತ್ತು, ಹಾಗೇ ಕುಡಿದೆ.

ಇದನ್ನು ಅಕ್ಕನ ಮಗನಿಗೆ ಹೇಳಿದೆ. ಧೈರ್ಯ ಬರಲಿ ಅಂತ. ಅವನು ಪೂರ್ತಿ ಕೇಳಿಸಿಕೊಂಡು, "ಮಾಮಾ, ಕಟ್ಟಿಮನಿಗೆ ಇನ್ನೊಂದು ಟೀಮು ಸಿಕ್ತು. ನನಗೆ ಯಾರು ಕೊಡ್ತಾರೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸರ್ ಮನೆಗೆ ಕರೆದುಕೊಂಡು ಹೋದೆ, ಬೇರೆ ಏನು ಮಾಡಬೇಕು ಅಂತ ತೋಚದೆ.

ಸರ್ ಜಗಲಿಯಲ್ಲಿ ಕೂತು ಚೀಲ ಖಾಲಿ ಮಾಡ್ತಿದ್ದರು. ಕಮಿಟಿಯವರು ಸಾಮಾನು ವಾಪಸ್ ಕೇಳಿದ್ದರಂತೆ. ಚೆಂಡು ನಾಲ್ಕು, ಗಾಳಿ ಪಂಪು, ಒಂದು ಸೀಟಿ. ಪಂಪು ಅವರದೇ ದುಡ್ಡಿನದು, ಸೀಟಿಯೂ ಅವರದೇ, ಶಾಲೆಯಲ್ಲಿದ್ದಾಗ ತೆಗೆದುಕೊಂಡದ್ದು. "ಕೇಳಿದಾರಲ್ಲ, ಕೊಟ್ಟುಬಿಡ್ತೇನೆ" ಅಂದರು. ಸೀಟಿಯನ್ನು ನಾನು ಕೊಡಲು ಬಿಡಲಿಲ್ಲ. ಆಮೇಲೆ ಹುಡುಗನ ಕಡೆ ತಿರುಗಿ, "ಒದ್ದೆ ಚೆಂಡು ನಾನು ನಿನಗೆ ಹಿಡಿಸಲೇ ಇಲ್ಲ ಅಲ್ವಾ ತಮ್ಮಾ. ಎಂಟು ವರ್ಷದಲ್ಲಿ ಒಂದು ದಿನವೂ ಮಳೆಯಲ್ಲಿ ಪ್ರಾಕ್ಟೀಸ್ ಮಾಡಿಸಿಲ್ಲ. ನೆಗಡಿ ಆಗುತ್ತೆ ಅಂತ ನಿಮ್ಮ ಮನೆಯವರು ಬೈತಾರೆ ಅಂತ ಹೆದರಿಕೊಂಡು" ಅಂದರು. ಇಡೀ ಊರಲ್ಲಿ ಆ ಸೋಲಿನ ಬಗ್ಗೆ ತನ್ನ ಪಾಲಿನದು ಇಷ್ಟು ಅಂತ ಹೇಳಿದವರು ಅವರೊಬ್ಬರೇ.

ಕಳೆದ ಭಾನುವಾರ ಬೆಳಿಗ್ಗೆ ಟ್ಯಾಗೋರ್ ಕಡಲತೀರಕ್ಕೆ ಹೋದೆವು, ನಾವು ಮೂವರೇ. ಸರ್ ಚೆಂಡನ್ನು ಉಪ್ಪುನೀರಲ್ಲಿ ಅದ್ದಿ, ಮರಳಲ್ಲಿ ಒಂದು ಸುತ್ತು ಹೊರಳಿಸಿ, ಮತ್ತೆ ಅದ್ದಿ ಒದೆಯುತ್ತಿದ್ದರು. ಅರವತ್ತಾರು ವರ್ಷ ಅವರಿಗೆ, ಆದರೂ ಒದೆತ ಸಣ್ಣದಲ್ಲ. ಹತ್ತರಲ್ಲಿ ಆರು ಹಿಡಿದ. ಏಳನೆಯದು ಎದೆಗೆ ಬಡಿದು ಕೈಜಾರಿ ಅಲೆಯ ಕಡೆ ಉರುಳಿತು. ಅವನು ನನ್ನ ಮುಖ ನೋಡಿದ. ನಾನು ಪ್ಯಾಂಟು ಮೊಣಕಾಲಿನವರೆಗೆ ಮಡಚಿಕೊಂಡು ಚೆಂಡು ತರೋಕೆ ಓಡಿದೆ.