ಎದ್ದು ಕಾಣುವಷ್ಟು

ಮ್ಯಾಗಜೀನಿಗೆ ಏನಾದರೂ ಬರೆದುಕೊಡಿ ಎಂದು ಕಾಲೇಜಿನಿಂದ ಕೇಳಿದಾಗ, ಯಾವುದರ ಬಗ್ಗೆ ಬರೆಯಲಿ ಎಂದು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಸುಮ್ನೆ ಒಂದು ಮಾತು ಹಾಕಿದೆ. ಐದು ನಿಮಿಷದಲ್ಲಿ ಹನ್ನೊಂದು ಜನ ಒಂದೇ ಉತ್ತರ ಕೊಟ್ಟರು. ‘ಎಗ್ರೀಜಿಯಸ್ ಬಗ್ಗೆ ಬರಿ.’ ಅದು ಪದವೂ ಹೌದು, ಆ ಕಾಲೇಜಿನಲ್ಲಿ ನನಗೆ ಬಿದ್ದ ಅಡ್ಡಹೆಸರೂ ಹೌದು.

ಆಗ ನಾನು ಡಿಗ್ರಿ ಎರಡನೇ ವರ್ಷ. ಹೈಸ್ಕೂಲು ಮುಗಿಯುವ ತನಕ ಕನ್ನಡ ಮಾಧ್ಯಮ. ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್ ಪದಗಳ ಹುಚ್ಚು ಹಿಡಿಯಿತು. ಆ ಭಾಷೆಯಲ್ಲಿ ನಾಲ್ಕು ವಾಕ್ಯ ತಡವರಿಸದೆ ಮಾತಾಡಲು ಬಾರದವನು ‘ಲೊಕ್ವೇಶಿಯಸ್ ಅಂದರೆ ವಾಚಾಳಿ’ ಎಂದು ಬಾಯಿಪಾಠ ಮಾಡುತ್ತಿದ್ದೆ. ದೊಡ್ಡ ಪದಗಳನ್ನು ಹಿಡಿದು ಹಾಕಿದರೆ ಸಣ್ಣವು ಹಿಂದೆಯೇ ಬಂದುಬಿಡುತ್ತವೆ ಎಂಬ ಲೆಕ್ಕ ನನ್ನದು.

ಡ್ರಾಯಿಂಗ್ ಶೀಟನ್ನು ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ ಚೀಟಿ ಮಾಡಿಕೊಂಡಿದ್ದೆ. ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡದಲ್ಲಿ ಅರ್ಥ. ದಿನಕ್ಕೆ ಇಪ್ಪತ್ತು. ರಬ್ಬರ್ ಬ್ಯಾಂಡ್ ಸುತ್ತಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡರೆ ಎದೆ ಮೇಲೆ ಭಾರ ಗೊತ್ತಾಗುತ್ತಿತ್ತು. ಜ್ಞಾನದ ಭಾರ ಅಂದುಕೊಂಡಿದ್ದೆ. ಜಾಗ ಉಳಿಸಲು ಅರ್ಥವನ್ನು ಒಂದೆರಡು ಪದಕ್ಕೆ ಇಳಿಸುತ್ತಿದ್ದೆ. ಅಲ್ಲೇ ಎಡವಟ್ಟಾಗಿದ್ದು.

ಆ ವರ್ಷ ನಮ್ಮ ಪ್ರಿನ್ಸಿಪಾಲರು ನಿವೃತ್ತರಾದರು. ಬೀಳ್ಕೊಡುಗೆ ದಿನ ವಿದ್ಯಾರ್ಥಿಗಳ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಭಾಷಣ ಬರೆದು ಯಾರಿಗೂ ತೋರಿಸಲಿಲ್ಲ. ಸ್ಟೇಜಿನ ಮೇಲೆ ನಿಂತು, ಎಲ್ಲರಿಗೂ ಕೇಳಲಿ ಎಂದು ಜೋರಾಗಿ, ‘ಸರ್, ಯುವರ್ ಎಗ್ರೀಜಿಯಸ್ ಸರ್ವಿಸ್ ಟು ದಿಸ್ ಕಾಲೇಜ್ ವಿಲ್ ನೆವರ್ ಬಿ ಫರ್ಗಾಟನ್’ ಎಂದೆ. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ನಾಲ್ಕೈದು ಮುಖ ಮಾತ್ರ ಒಂಥರಾ ಆದವು. ಪ್ರಿನ್ಸಿಪಾಲರು ಕೆಮಿಸ್ಟ್ರಿಯವರು. ನಕ್ಕು ಕೈ ಮುಗಿದರು. ಅವರಿಗೆ ಅರ್ಥವಾಗಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಇಂಗ್ಲಿಷ್ ಮೇಷ್ಟ್ರು ಕರ್ಚೀಫ್ ತೆಗೆದು ಬಾಯಿಗೆ ಹಿಡಿದುಕೊಂಡು ಬಹಳ ಹೊತ್ತು ಕೆಮ್ಮಿದರು.

ಮಾರನೇ ದಿನ ಸ್ಟಾಫ್ ರೂಮಿಗೆ ಕರೆ ಬಂತು. ‘ಆ ಚೀಟಿ ತೋರಿಸು’ ಎಂದರು. ತೋರಿಸಿದೆ. ನನ್ನ ಗುಂಡು ಅಕ್ಷರದಲ್ಲಿ ‘ಎದ್ದು ಕಾಣುವ’ ಎಂದಿತ್ತು. ಅವರು ಡಿಕ್ಷನರಿ ತೆಗೆದು ಓದಿಸಿದರು. ಅಲ್ಲಿ ಇದ್ದದ್ದು ‘ಎದ್ದು ಕಾಣುವಷ್ಟು ಕೆಟ್ಟ’ ಎಂಬ ಅರ್ಥ. ಚೀಟಿಯಲ್ಲಿ ಜಾಗ ಸಾಲದೆ ನಾನು ‘ಕೆಟ್ಟ’ ಬಿಟ್ಟಿದ್ದೆ.

ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. ‘ಪೂರ್ತಿ ತಪ್ಪಲ್ಲ ಕಣೋ, ನಾನೂರು ವರ್ಷ ಲೇಟು, ಅಷ್ಟೇ’ ಎಂದರು. ಹದಿನಾರನೇ ಶತಮಾನದ ಇಂಗ್ಲಿಷಿನಲ್ಲಿ ಆ ಪದಕ್ಕೆ ಶ್ರೇಷ್ಠ ಎಂಬ ಅರ್ಥವೂ ಇತ್ತಂತೆ. ಇಟಲಿಯವರು ಈಗಲೂ ಗೌರವದ ಪತ್ರವನ್ನು ಅದರ ಅಣ್ಣತಮ್ಮನಂಥ ಪದದಿಂದಲೇ ಶುರು ಮಾಡುತ್ತಾರೆ. ಇಂಗ್ಲಿಷಿನವರು ಮಾತ್ರ ಅದನ್ನು ವ್ಯಂಗ್ಯಕ್ಕೆ ಬಳಸಿ ಬಳಸಿ, ಕೊನೆಗೆ ವ್ಯಂಗ್ಯವೇ ಅರ್ಥವಾಗಿ ಉಳಿದಿರಬೇಕು. ‘ನಮ್ಮಲ್ಲಿ ಘನಂದಾರಿ ಇಲ್ವಾ? ಘನ ಅಂದ್ರೆ ದೊಡ್ಡದೇ. ಆದ್ರೆ ಘನಂದಾರಿ ಕೆಲಸ ಮಾಡಿದ್ದೀಯ ಅಂದ್ರೆ ಯಾರಾದ್ರೂ ಹಿಗ್ತಾರಾ? ನೀನು ನಿನ್ನೆ ಪ್ರಿನ್ಸಿಪಾಲರಿಗೆ ಘನಂದಾರಿ ಸೇವೆ ಮಾಡಿದ್ರಿ ಅಂದೆ.’

ಆಮೇಲೆ ಕ್ಲಾಸಿಗೆ ಬಂದು ಬೋರ್ಡಿನ ಮೇಲೆ ಕುರಿಹಿಂಡು ಬರೆದರು. ಅವು ಕುರಿಯ ಹಾಗೆ ಕಾಣುತ್ತಿರಲಿಲ್ಲ, ಕಾಲು ಬಂದ ಮೋಡದ ಹಾಗಿದ್ದವು. ಲ್ಯಾಟಿನ್‌ನಲ್ಲಿ ‘ಗ್ರೆಕ್ಸ್’ ಅಂದರೆ ಹಿಂಡು. ಹಿಂಡಿನಿಂದ ಹೊರಗೆ ಒಂದು ಕುರಿ ಬರೆದು ‘ಇದು ಎಗ್ರೀಜಿಯಸ್’ ಎಂದರು. ಹಿಂಡಿನಿಂದ ಆಚೆ ನಿಂತದ್ದು, ಹಾಗಾಗಿ ಎದ್ದು ಕಂಡದ್ದು. ಹಿಂಡಿನ ನಡುವೆಯೇ ಖುಷಿಯಾಗಿರುವುದು ‘ಗ್ರಿಗೇರಿಯಸ್’, ಅಂದರೆ ಜನರ ಜೊತೆ ಬೆರೆಯುವ ಸ್ವಭಾವದ್ದು. ಎಲ್ಲ ಬಂದು ಸೇರಿದರೆ ‘ಕಾಂಗ್ರಿಗೇಟ್’. ನಡುವೆ ಒಂದು ಗೆರೆ ಎಳೆದು ಬೇರೆ ಮಾಡಿದರೆ ‘ಸೆಗ್ರಿಗೇಟ್’. ಕೊನೆಗೆ ಎಲ್ಲವನ್ನೂ ಸುತ್ತುಗಟ್ಟಿ ಒಂದು ಲೆಕ್ಕಕ್ಕೆ ತಂದು, ‘ಇದು ನಿಮಗೆಲ್ಲ ಚೆನ್ನಾಗಿ ಗೊತ್ತಿರೋದು, ಅಗ್ರಿಗೇಟ್’ ಎಂದರು. ಮಾರ್ಕ್ಸ್ ಕಾರ್ಡಿನ ಕೆಳಗೆ ಕೂತಿದ್ದ ಆ ಪದದೊಳಗೆ ಕುರಿಗಳಿದ್ದವು ಎಂದು ಯಾರಿಗೆ ಗೊತ್ತಿತ್ತು! ಐದು ಪದ, ಹತ್ತು ನಿಮಿಷ. ಅವತ್ತು ಕಲಿತದ್ದನ್ನು ಮತ್ತೆ ಓದಬೇಕಾಗಲೇ ಇಲ್ಲ. ಅಡ್ಡಹೆಸರು ಖಾಯಂ ಆದದ್ದೂ ಅದೇ ಹತ್ತು ನಿಮಿಷದಲ್ಲಿ.

ಬೇರು ಹಿಡಿದರೆ ಎಲ್ಲ ಬಂತು ಎಂದು ನಾನು ಹಿಗ್ಗುವಷ್ಟರಲ್ಲಿ ಮೇಷ್ಟ್ರು ಆ ಗಾಳಿಯನ್ನೂ ತೆಗೆದರು. ‘ನೈಸ್’ ಹುಟ್ಟಿದ್ದು ಏನೂ ತಿಳಿಯದವನು ಎಂಬ ಅರ್ಥದ ಲ್ಯಾಟಿನ್ ಪದದಿಂದ. ಈಗ ನೈಸ್ ಅಂದರೆ ಯಾರಾದರೂ ಸಿಟ್ಟಾಗುತ್ತಾರಾ? ‘ಎನರ್ವೇಟ್’ ನೋಡಿದರೆ ಎನರ್ಜಿಯ ನೆಂಟನ ಹಾಗಿದೆ. ಅರ್ಥ ನೋಡಿದರೆ ನರ ಕಿತ್ತ ಹಾಗೆ ನಿತ್ರಾಣ ಮಾಡುವುದು. ‘ನಾಯ್ಸಮ್’ಗೂ ಗಲಾಟೆಗೂ ಸಂಬಂಧವಿಲ್ಲ, ಅದು ಮೂಗು ಮುಚ್ಚಿಕೊಳ್ಳುವ ವಿಷಯ. ಇಂಥವನ್ನು ಅವರು ‘ವೇಷದ ಪದಗಳು’ ಎನ್ನುತ್ತಿದ್ದರು.

ನನ್ನ ಗೆಳೆಯನೊಬ್ಬನಿಗೆ ಸೀನಿಯರ್ ಒಬ್ಬರು ‘ಯುವರ್ ಹೆಲ್ಪ್ ವಾಸ್ ಇನ್‌ವ್ಯಾಲ್ಯುಯೇಬಲ್’ ಎಂದು ಚೀಟಿ ಬರೆದುಕೊಟ್ಟಿದ್ದರು. ಅವನು ಎರಡು ದಿನ ಮುನಿಸಿಕೊಂಡು ಓಡಾಡಿದ. ‘ಇನ್’ ಬಂದರೆ ಇಲ್ಲ ಅಂತ ಅಲ್ವಾ, ನನ್ನ ಸಹಾಯಕ್ಕೆ ಬೆಲೆಯೇ ಇಲ್ಲವಂತೆ ಎಂದು. ‘ಅಮೂಲ್ಯ ಅಂತ ಯಾರಾದ್ರೂ ಹೊಗಳಿದ್ರೂ ಹಿಂಗೇ ಮುನಿಸ್ಕೊಳ್ತೀಯೇನೋ?’ ಎಂದು ಮೇಷ್ಟ್ರು ಕೇಳಿದ ಮೇಲೆ ಸರಿಹೋದ.

ಇನ್ನೊಂದು ದಿನ ಅವರು ನನ್ನ ಚೀಟಿಯ ಕಟ್ಟನ್ನು ಈಸಿಕೊಂಡು ಕೇಳಿದರು. ಕನ್ನಡ ಕಲಿಯುವ ಹೊರಗಿನವನೊಬ್ಬ ‘ಹೊಡೆ’ ಎಂಬ ಪದಕ್ಕೆ ‘ಬೀಟ್’ ಎಂದು ಚೀಟಿ ಮಾಡಿಕೊಂಡ ಅಂತ ಇಟ್ಟುಕೋ. ಆಮೇಲೆ ಹರಟೆ ಹೊಡೆಯುವುದು, ನಿದ್ದೆ ಹೊಡೆಯುವುದು, ಬಣ್ಣ ಹೊಡೆಯುವುದು, ಕಣ್ಣು ಹೊಡೆಯುವುದು, ಕಾಪಿ ಹೊಡೆಯುವುದು ಇವೆಲ್ಲ ಕಿವಿಗೆ ಬಿದ್ದರೆ ಅವನ ಗತಿ ಏನು? ನಾವು ನಕ್ಕೆವು. ‘ನಗಬೇಡಿ. ಇಂಗ್ಲಿಷಿನ ಪಾಲಿಗೆ ನೀವೇ ಆ ಹೊರಗಿನವನು’ ಎಂದರು. ಬಿರುಮಳೆಗೆ ಇಂಗ್ಲಿಷಿನವರು ‘ಹೆವಿ’ ಎನ್ನುತ್ತಾರೆ, ಬಿರುಗಾಳಿಗೆ ‘ಸ್ಟ್ರಾಂಗ್’ ಎನ್ನುತ್ತಾರೆ. ತಿರುಗಿಸಿ ಹೇಳಿದರೆ ಅರ್ಥವೇನೋ ಆಗುತ್ತದೆ, ಕಿವಿಗೆ ಮಾತ್ರ ಕಲ್ಲು ಸಿಕ್ಕಿದ ಹಾಗಾಗುತ್ತದೆ. ಯಾಕೆ ಅಂದರೆ ಉತ್ತರವಿಲ್ಲ. ಅದು ಯಾರ ಜೊತೆ ಓಡಾಡುತ್ತದೆ ಎಂದು ನೋಡಿಯೇ ತಿಳಿಯಬೇಕು.

ಆಕ್ಸ್‌ಫರ್ಡ್ ಡಿಕ್ಷನರಿಯ ಕಥೆ ಹೇಳಿದ್ದೂ ಆ ಸಂದರ್ಭದಲ್ಲೇ. ಜೇಮ್ಸ್ ಮರ್ರೆ ಎಂಬುವರು 1879ರಲ್ಲಿ ಅದರ ಸಂಪಾದಕರಾದರು. ಹತ್ತು ವರ್ಷದಲ್ಲಿ ಮುಗಿಯುತ್ತದೆ ಎಂಬ ಅಂದಾಜು. 1884ರಲ್ಲಿ ಮೊದಲ ಭಾಗ ಹೊರಬಂದಾಗ ಅವರು ತಲುಪಿದ್ದು ‘ಎ’ಯಿಂದ ‘ಆ್ಯಂಟ್’ ತನಕ. ಇರುವೆಯ ತನಕ! 1915ರಲ್ಲಿ ಮರ್ರೆ ತೀರಿಕೊಂಡರು. ಡಿಕ್ಷನರಿ ಪೂರ್ತಿಯಾದದ್ದು 1928ರಲ್ಲಿ. ಆ ಕೆಲಸವೂ ನಡೆದದ್ದು ಚೀಟಿಗಳಲ್ಲೇ. ಪುಸ್ತಕ ಓದುವ ಸಾವಿರಾರು ಜನ ಲಕ್ಷಾಂತರ ಚೀಟಿ ಕಳಿಸಿದರು, ಮರ್ರೆ ತಮ್ಮ ತಗಡಿನ ಶೆಡ್ಡಿನಲ್ಲಿ ಅವನ್ನು ಜೋಡಿಸುತ್ತಾ ಕೂತರು. ಅಚ್ಚಾದ ಡಿಕ್ಷನರಿಯಲ್ಲಿ ಸುಮಾರು 18 ಲಕ್ಷ ಉದಾಹರಣೆಗಳಿವೆ.

‘ಅವರ ಚೀಟಿಗೂ ನಿನ್ನ ಚೀಟಿಗೂ ಏನು ವ್ಯತ್ಯಾಸ?’ ಎಂದು ಕೇಳಿದರು. ನನಗೆ ಹೊಳೆಯಲಿಲ್ಲ. ಅವರ ಚೀಟಿಯಲ್ಲಿ ಇದ್ದದ್ದು ವಾಕ್ಯ. ಪದ ಎಲ್ಲಿ ಸಿಕ್ಕಿತು, ಯಾವಾಗ ಬರೆದದ್ದು, ಅಕ್ಕಪಕ್ಕ ಏನಿತ್ತು. ಅರ್ಥ ಬರೆಯುವ ಕೆಲಸ ಕೊನೆಗೆ. ನಾನು ಕೊನೆಯ ಕೆಲಸವನ್ನು ಮೊದಲೇ ಮಾಡಿ, ಅದರಲ್ಲೂ ಅರ್ಧ ಕತ್ತರಿಸಿದ್ದೆ.

ಆ ವಾರ ಡ್ರಾಯಿಂಗ್ ಶೀಟನ್ನು ಪೋಸ್ಟ್‌ಕಾರ್ಡಿನ ಅಳತೆಗೆ ಕತ್ತರಿಸಿದೆ. ಓದುವಾಗ ಸಿಕ್ಕ ಪದ ಮಾತ್ರ, ಸಿಕ್ಕ ವಾಕ್ಯದ ಸಮೇತ. ದಿನಕ್ಕೆ ಇಪ್ಪತ್ತು ಇದ್ದದ್ದು ಮೂರಕ್ಕೆ ಇಳಿಯಿತು. ಜೇಬಿನಲ್ಲಿ ಹಿಡಿಯುತ್ತಿರಲಿಲ್ಲ, ಶೂ ಡಬ್ಬಕ್ಕೆ ಐದು ಅಡ್ಡಗೋಡೆ ಹಾಕಿ ಇಟ್ಟೆ. ಉಪಾಯ ಮೇಷ್ಟ್ರದ್ದೇ. ನೆನಪಿದ್ದ ಚೀಟಿ ಹಿಂದಿನ ಖಾನೆಗೆ ಹೋಗುತ್ತದೆ, ಅದನ್ನು ತಡವಾಗಿ ನೋಡಿದರೆ ಸಾಕು. ಮರೆತದ್ದು ಮೊದಲ ಖಾನೆಗೆ ವಾಪಸ್, ನಾಳೆಯೇ ನೋಡಬೇಕು. ಇದು ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1970ರ ದಶಕದಲ್ಲಿ ಜನಪ್ರಿಯ ಮಾಡಿದ ವಿಧಾನ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಅವರಿಗೂ ಮುಂಚೆ, 1885ರಲ್ಲೇ, ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು ಪ್ರಕಟಿಸಿದ್ದರು. ಕಲಿತ ಮೊದಲ ದಿನವೇ ಬಹುಪಾಲು ಸೋರಿಹೋಗುತ್ತದೆ. ನನ್ನ ಹಳೆಯ ಚೀಟಿಗಳೂ ನನ್ನ ಪಾಲಿಗೆ ಅರ್ಥವಿಲ್ಲದ ಅಕ್ಷರಗಳೇ ಆಗಿದ್ದವು ಬಿಡಿ.

ಡಿಗ್ರಿ ಆದ ಮೇಲೆ ವಿದೇಶದಲ್ಲಿ ಮುಂದೆ ಓದಲು ಬರೆಯುವ ಪರೀಕ್ಷೆ ಜಿಆರ್‌ಇ ಬರೆದೆ. ಆಗ ಅದರಲ್ಲಿ ವಿರುದ್ಧಪದ ಹುಡುಕುವ ಪ್ರಶ್ನೆಗಳಿದ್ದವು, ಸುತ್ತ ವಾಕ್ಯವೇ ಇಲ್ಲದ ಒಂಟಿ ಪದಗಳು. 2011ರಲ್ಲಿ ಅವನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು.

ಈಗ ನನ್ನ ಕೆಲಸ ದಿನವಿಡೀ ಇಂಗ್ಲಿಷಿನಲ್ಲಿ ರಿಪೋರ್ಟ್ ಬರೆಯುವುದು. ‘ಲೊಕ್ವೇಶಿಯಸ್’ ಒಮ್ಮೆಯೂ ಬೇಕಾಗಿಲ್ಲ. ಬೇಕಾದದ್ದು ‘ಅಸ್ಯೂಮ್’, ‘ಡಿರೈವ್’, ‘ಕನ್ಸಿಸ್ಟೆಂಟ್’ ಥರದ, ಕಷ್ಟವೂ ಅಲ್ಲದ ಸುಲಭವೂ ಅಲ್ಲದ ಮಧ್ಯದ ಪದಗಳು. ಆ್ಯವರಿಲ್ ಕಾಕ್ಸ್‌ಹೆಡ್ ಎಂಬುವರು 2000ದಲ್ಲಿ ಎಲ್ಲ ವಿಷಯದ ಪಠ್ಯಗಳಲ್ಲೂ ಮತ್ತೆ ಮತ್ತೆ ಬರುವ ಇಂಥ 570 ಪದಕುಟುಂಬಗಳ, ಅಂದರೆ ಒಂದೇ ಮೂಲದ ಪದಗಳ ಗುಂಪುಗಳ, ಪಟ್ಟಿ ಮಾಡಿದ್ದಾರೆ. ಈಗ ಓದುತ್ತಿರುವ ತಮ್ಮಂದಿರು, ತಂಗಿಯರು ಯಾರಾದರೂ ಕೇಳಿದರೆ ಮೊದಲು ಅದನ್ನು ನೋಡಿ ಎನ್ನುತ್ತೇನೆ. ಯಾರೂ ಕೇಳುವುದಿಲ್ಲ. ಎಲ್ಲರಿಗೂ ‘ಪಲ್ಕ್ರಿಟ್ಯೂಡ್’ ಬೇಕು. ಸೌಂದರ್ಯ ಎಂಬ ಅರ್ಥದ ಪದ ಅಷ್ಟು ಕುರೂಪವಾಗಿರುವುದು ಅದೊಂದೇ ಇರಬೇಕು.

ನನಗೆ ಪ್ರಮೋಷನ್ ಆದಾಗ ಗ್ರೂಪಿನಲ್ಲಿ ‘ಕಂಗ್ರಾಟ್ಸ್ ಆನ್ ಯುವರ್ ಎಗ್ರೀಜಿಯಸ್ ಸಕ್ಸೆಸ್’ ಎಂದು ಸಾಲುಸಾಲು ಮೆಸೇಜು ಬಂದವು. ಮುನಿಸಿಕೊಂಡಿದ್ದನಲ್ಲ, ಆ ಗೆಳೆಯನೇ ಶುರು ಮಾಡಿದ್ದು.

ಇದನ್ನು ಬರೆಯುವ ಮುಂಚೆ ಮೇಷ್ಟ್ರಿಗೆ ಫೋನ್ ಮಾಡಿದೆ. ಅವರಿಗೀಗ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ. ‘ಸರ್, ಮ್ಯಾಗಜೀನಿಗೆ ನಿಮ್ಮ ಬಗ್ಗೆ ಬರೀತಿದ್ದೀನಿ’ ಎಂದೆ. ಎರಡು ಸಲ ಹೇಳಬೇಕಾಯಿತು.

‘ಬರಿಯಪ್ಪ. ಆದ್ರೆ ನನ್ನ ಹೆಸರು ಹಾಕ್ಬೇಡ’ ಎಂದರು.

‘ಯಾಕೆ ಸರ್?’

‘ಹೊಗಳೋಕೆ ಹೋಗಿ ಯಾವ ಪದ ಹಾಕ್ತೀಯೋ, ನಿನ್ನ ನಂಬೋಕಾಗಲ್ಲ.’