ಕುಮಾನೊ ಕಡೆ ಹೊರಟವರಿಗೆ: ಬಾಗಿಲು ಮುಚ್ಚಿದ ದೇವರು, ಸುರಿಯುವ ದೇವರು

ಜಪಾನಿಗೆ ಹೋಗುವ ನಮ್ಮವರಿಗೆ ಶಿಂತೋ (ಅಲ್ಲಿನ ಮೂಲ ಧರ್ಮ) ಗುಡಿ ಎಂದರೆ ಕ್ಯೋಟೋದ ಫುಶಿಮಿ ಇನಾರಿ. ಕೆಂಪು ಕಮಾನುಗಳ ಸಾಲಲ್ಲಿ ನಿಂತು ಫೋಟೊ ತೆಗೆಸಿಕೊಂಡರೆ ಮುಗಿಯಿತು. ಕೈಯಲ್ಲಿ ಇನ್ನೆರಡು ಮೂರು ದಿನ ಉಳಿದಿದ್ದರೆ ವಕಯಾಮ ಪ್ರಾಂತದ ಹಳೆಯ ಯಾತ್ರಾಸ್ಥಳ ಕುಮಾನೊಗೆ ಹೋಗಿ. ಒಸಾಕಾದಿಂದ ಕುರೋಶಿಯೊ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ ಕೂತರೆ ಕೀ-ತನಾಬೆ. ಅಲ್ಲಿಂದ ಕುಮಾನೊದ ಮುಖ್ಯ ದೇಗುಲವಿರುವ ಹೊಂಗೂಗೆ ಬಸ್ಸಿನಲ್ಲಿ ಮತ್ತೆರಡು ಗಂಟೆ, ಪೂರ್ತಿ ಘಟ್ಟದ ತಿರುವು. ವಾಂತಿಯ ಮಾತ್ರೆ ಜೇಬಲ್ಲಿರಲಿ. ಬಸ್ ಹತ್ತುವಾಗ ನಂಬರ್ ಚೀಟಿ ಹರಿದುಕೊಳ್ಳಬೇಕು, ಇಳಿಯುವಾಗ ಬೋರ್ಡಿನಲ್ಲಿ ಆ ನಂಬರಿನ ಕೆಳಗೆ ಕಾಣುವಷ್ಟು ಹಣ ಡಬ್ಬಿಗೆ ಹಾಕಬೇಕು. ಹತ್ತು ಸಾವಿರ ಯೆನ್ ನೋಟು ಹಿಡಿದು ಹೋದರೆ ಫಜೀತಿ. ಸಾವಿರದ ನೋಟು, ಚಿಲ್ಲರೆ ಬೇಕು. ಹುಂಡಿಗೂ ಅದೇ ಚಿಲ್ಲರೆ.

ಹೊಂಗೂ ದೇಗುಲದ ಎದುರಿಗೇ ಇಳಿದು ನೋಡಿ ಬರುವವರೂ ಇದ್ದಾರೆ. ನಾವು ಮಾಡಿದ್ದು ಬೇರೆ. ಇನ್ನೊಂದು ಬಸ್ ಹಿಡಿದು ಹೊಶ್ಶಿನ್‌ಮೊನ್-ಒಜಿಗೆ ಹೋಗಿ, ಅಲ್ಲಿಂದ ಸುಮಾರು 7 ಕಿ.ಮೀ. ನಡೆದು ಹೊಂಗೂಗೆ ಇಳಿದೆವು. ಎರಡೂವರೆ ಮೂರು ಗಂಟೆಯ ಸುಲಭದ ದಾರಿ, ವಯಸ್ಸಾದವರೂ ನಡೆಯಬಹುದು. ಒಜಿ ಎಂದರೆ ದಾರಿಯುದ್ದಕ್ಕೂ ಇರುವ ಪುಟ್ಟ ಗುಡಿಗಳು. ಕೆಲವೆಡೆ ಗುಡಿಯೇ ಉಳಿದಿಲ್ಲ, ಬರೀ ಕಲ್ಲು ನಿಂತಿದೆ. ಪಕ್ಕದ ಮರದ ಗೂಡಿನಲ್ಲಿ ಮುದ್ರೆ, ಶಾಯಿ ಇರುತ್ತದೆ; ನೀವೇ ಒತ್ತಿಕೊಳ್ಳಬಹುದು. ನಡುವೆ ಸಿಗುವ ಹಳ್ಳಿಗಳಲ್ಲಿ ಮನೆಯ ಮುಂದೆ ಉಪ್ಪಿನಲ್ಲಿ ಹಾಕಿದ ಉಮೆ ಕಾಯಿ, ಚಹಾಪುಡಿ ಇಟ್ಟು ಪಕ್ಕದಲ್ಲೊಂದು ದುಡ್ಡಿನ ಡಬ್ಬಿ ಇಟ್ಟಿರುತ್ತಾರೆ. ಕಾಯುವವರು ಯಾರೂ ಇಲ್ಲ.

ಈ ದಾರಿಯ ಫುಶಿಓಗಾಮಿ-ಒಜಿಯಲ್ಲಿ ಸ್ವಲ್ಪ ಹೊತ್ತು ಕೂರಿ. ಸಾವಿರ ವರ್ಷದ ಹಿಂದಿನ ಕವಯಿತ್ರಿ ಇಝುಮಿ ಶಿಕಿಬು ಇಲ್ಲಿಯವರೆಗೆ ನಡೆದು ಬಂದಾಗ ಮುಟ್ಟಾದಳಂತೆ. ದೇವರ ಹತ್ತಿರ ಹೋಗುವಂತಿಲ್ಲವಲ್ಲ ಎಂದು ಕೊರಗಿ ಪದ್ಯ ಬರೆದಳು. ರಾತ್ರಿ ಕನಸಿನಲ್ಲಿ ಬಂದ ದೇವರು, ನನಗೇನೂ ಅಡ್ಡಿಯಿಲ್ಲ, ಬಾ ಎಂದಿತು ಎಂಬುದು ಐತಿಹ್ಯ. ಹೆಂಗಸರನ್ನು ಹೊರಗಿಟ್ಟ ಬೆಟ್ಟಗಳು ಜಪಾನಿನಲ್ಲೂ ಇದ್ದವು, ಕುಮಾನೊ ಮಾತ್ರ ಹಿಂದಿನಿಂದಲೂ ಎಲ್ಲರನ್ನೂ ಬಿಟ್ಟುಕೊಂಡಿತು. ನನ್ನ ಜೊತೆ ಬಂದಿದ್ದ ಅತ್ತಿಗೆ ಈ ಕತೆ ಕೇಳಿ, "ಊರಿನ ಅರ್ಚಕರಿಗೆ ಹೇಳಬೇಕು" ಅಂದರು.

ಇನ್ನು ಪದ್ಧತಿ. ತೋರಿ ಕಮಾನಿನ ಮುಂದೆ ಸ್ವಲ್ಪ ತಲೆಬಾಗಿ ಒಳಗೆ ಹೋಗಿ. ದಾರಿಯ ನಟ್ಟನಡುವೆ ನಡೆಯಬೇಡಿ, ಅದು ದೇವರ ಹಾದಿ. ಚಪ್ಪಲಿ ಬಿಡುವ ಗೋಜಿಲ್ಲ. ಬೂಟು ಹಾಕಿಕೊಂಡೇ ದೇವರೆದುರು ನಿಲ್ಲುತ್ತಾರೆ. ನಮಗೆ ಇದು ಸ್ವಲ್ಪ ಇರಿಸುಮುರಿಸು. ನೀರಿನ ತೊಟ್ಟಿಯ ಬಳಿ ಸೌಟಿನಲ್ಲಿ ಒಂದೇ ಸಲ ನೀರು ತುಂಬಿಕೊಂಡು ಎಡಗೈ, ಆಮೇಲೆ ಬಲಗೈ ತೊಳೆಯಿರಿ. ಎಡ ಅಂಗೈಗೆ ನೀರು ಬಗ್ಗಿಸಿಕೊಂಡು ಬಾಯಿ ಮುಕ್ಕಳಿಸಿ, ಮತ್ತೆ ಎಡಗೈ ತೊಳೆಯಿರಿ. ಉಳಿದ ನೀರು ಹಿಡಿಯ ಮೇಲೆ ಹರಿಯುವಂತೆ ಸೌಟನ್ನು ನೆಟ್ಟಗೆ ಎತ್ತಿ ಇಡಿ. ಸೌಟಿಗೆ ಬಾಯಿ ಹಚ್ಚುವಂತಿಲ್ಲ, ಮುಕ್ಕಳಿಸಿದ್ದನ್ನು ತೊಟ್ಟಿಗೆ ಉಗುಳುವಂತಿಲ್ಲ. ಕೋವಿಡ್ ನಂತರ ಎಷ್ಟೋ ಕಡೆ ಸೌಟೇ ಇಲ್ಲ, ಬಿದಿರಿನ ನಳಿಕೆಯ ಕೆಳಗೆ ಕೈಯೊಡ್ಡಿದರೆ ಸಾಕು. ಆಮೇಲೆ ನಾಣ್ಯ ಹಾಕಿ ಎರಡು ಸಲ ಬಾಗಿ, ಎರಡು ಚಪ್ಪಾಳೆ, ಮನಸ್ಸಿನಲ್ಲೇ ಪ್ರಾರ್ಥನೆ, ಕೊನೆಗೊಮ್ಮೆ ಬಾಗುವುದು. ತೆಂಗಿನಕಾಯಿ, ಊದಿನಕಡ್ಡಿ ಯಾವುದೂ ಬೇಡ. ಮನೆಯಲ್ಲಿ ಸಾವಾಗಿದ್ದರೆ ಅಲ್ಲಿನವರೂ ಸೂತಕ ಕಳೆಯುವ ತನಕ ಗುಡಿಗೆ ಬರುವುದಿಲ್ಲ.

ಹೊಂಗೂಗೆ 158 ಮೆಟ್ಟಿಲು. ಮೇಲೆ ಹೋದರೆ ತೊಗಟೆಯ ಹೊದಿಕೆಯ ಗುಡಿಗಳ ಸಾಲು, ಎಲ್ಲದರ ಬಾಗಿಲೂ ಮುಚ್ಚಿದ್ದು. ದರ್ಶನ ಎಂಬುದೇ ಇಲ್ಲ. ಇದು ಗೊತ್ತಿಲ್ಲದೆ ಹೋದವರು ಗರ್ಭಗುಡಿ ಯಾವಾಗ ತೆಗೆಯುತ್ತಾರೆಂದು ಕಾಯುತ್ತಾರೆ. ನಮಸ್ಕಾರಕ್ಕೂ ಒಂದು ಕ್ರಮವಿದೆ: ಮೊದಲು ಮೂರನೆಯ ಗುಡಿ, ಅದೇ ಮುಖ್ಯ, ಆಮೇಲೆ ಎರಡು, ಒಂದು, ನಾಲ್ಕು. ಬೋರ್ಡು ಹಾಕಿದ್ದಾರೆ, ನೋಡಿಕೊಂಡು ಹೋಗಿ. ಅಂಗಳದಲ್ಲಿ ಕರಿ ಬಣ್ಣದ ಅಂಚೆಪೆಟ್ಟಿಗೆಯ ಮೇಲೆ ಮೂರು ಕಾಲಿನ ಕಾಗೆ ಕೂತಿದೆ. ಅದು ಕುಮಾನೊ ದೇವರ ದೂತ. ಮನೆಗೊಂದು ಕಾರ್ಡು ಹಾಕಬಹುದು.

ಮೂಲ ದೇವಸ್ಥಾನ ಇದ್ದದ್ದು ಕೆಳಗೆ ಹೊಳೆಯ ದಂಡೆಯ ಒಯುನೊಹಾರಾದಲ್ಲಿ. 1889ರ ನೆರೆಯಲ್ಲಿ ಬಹುಪಾಲು ಕೊಚ್ಚಿಹೋಯಿತು. ಉಳಿದ ಗುಡಿಗಳನ್ನು ಮೇಲಕ್ಕೆ ಸಾಗಿಸಿದರು. ಈಗ ಗದ್ದೆಗಳ ನಡುವೆ 33.9 ಮೀಟರ್ ಎತ್ತರದ ಉಕ್ಕಿನ ತೋರಿ ನಿಂತಿದೆ, 2000ದಲ್ಲಿ ಕಟ್ಟಿದ್ದು. ಫೋಟೊಗೆ ಅದು ಚೆಂದ. ಆದರೆ ಒಳಗಿನ ಕಲ್ಲಿನ ಗುಡಿಗಳ ಫೋಟೊ ತೆಗೆಯಬೇಡಿ.

ರಾತ್ರಿ ತಂಗಲು ಹತ್ತಿರದ ಬಿಸಿನೀರ ಬುಗ್ಗೆಗಳ ಊರು ಯುನೊಮಿನೆ ಒಳ್ಳೆಯದು. ಸಸ್ಯಾಹಾರಿಗಳ ಕಷ್ಟ ಇಲ್ಲೇ ಶುರು, ಎಲ್ಲ ಸಾರಿಗೂ ಮೀನಿನ ಪುಡಿ ಬಿದ್ದಿರುತ್ತದೆ. ಊರ ನಡುವಿನ ಬಿಸಿನೀರ ಬುಗ್ಗೆಯಲ್ಲಿ ಸುಮಾರು 90 ಡಿಗ್ರಿ ನೀರು. ಗೆಣಸು, ತರಕಾರಿ ಬಲೆಚೀಲದಲ್ಲಿ ಇಳಿಬಿಟ್ಟು ಬೇಯಿಸಿಕೊಳ್ಳಬಹುದು. ಚಟ್ನಿಪುಡಿ ತಂದಿದ್ದರೆ ಅಂದಿನ ಊಟ ಗೆದ್ದಂತೆ.

ಹೊಂಗೂ ನೋಡಿ ದರ್ಶನವಾಗಲಿಲ್ಲ ಎನ್ನಿಸಿದರೆ ಕುಮಾನೊದ ಇನ್ನೊಂದು ಕ್ಷೇತ್ರವಾದ ನಾಚಿಗೆ ಹೋಗಿ. ಅಲ್ಲಿ 133 ಮೀಟರ್ ಜಲಪಾತವೇ ದೇವರು. ಎದುರಿಗೆ ತೋರಿ ಇದೆ, ಹಿಂದೆ ಗರ್ಭಗುಡಿಯೇ ಇಲ್ಲ. ನೀರು ಬೀಳುವ ನೆತ್ತಿಯಲ್ಲಿ ಹುಲ್ಲಿನ ಹಗ್ಗ ಕಟ್ಟಿರುತ್ತಾರೆ, ವರ್ಷಕ್ಕೆರಡು ಸಲ, ಜುಲೈ ಮತ್ತು ಡಿಸೆಂಬರಿನಲ್ಲಿ, ಬದಲಿಸುತ್ತಾರೆ. ಆ ನೀರನ್ನೇ ಬಟ್ಟಲಲ್ಲಿ ತೀರ್ಥದಂತೆ ಕುಡಿಯಬಹುದು. ಬೆಟ್ಟದ ಮೇಲೆ ನಾಚಿಯ ಶಿಂತೋ ದೇಗುಲವಿದೆ, ಅದಕ್ಕೆ ಅಂಟಿಕೊಂಡೇ ಸೆಯಿಗಾಂತೊಜಿ ಎಂಬ ಬೌದ್ಧ ದೇವಸ್ಥಾನವಿದೆ. ಅಲ್ಲಿ ಕೈ ಮುಗಿಯುವುದಷ್ಟೇ, ಚಪ್ಪಾಳೆ ಕೂಡದು. ಸಮುದ್ರದಲ್ಲಿ ತೇಲಿ ಬಂದ ಭಾರತದ ಸನ್ಯಾಸಿಯೊಬ್ಬ ಅದನ್ನು ಸ್ಥಾಪಿಸಿದನೆಂದು ಸ್ಥಳಪುರಾಣ. ಅತ್ತಿಗೆ ಇದನ್ನೂ ಬರೆದುಕೊಂಡರು.

ನವೆಂಬರ್ ಅಥವಾ ಏಪ್ರಿಲ್ ಒಳ್ಳೆಯ ಕಾಲ. ಜೂನ್ ಮಳೆ, ಸೆಪ್ಟೆಂಬರ್ ಚಂಡಮಾರುತ, ಎರಡೂ ಬೇಡ. ಬಸ್ಸುಗಳು ಕಡಿಮೆ, ಹಿಂದಿನ ರಾತ್ರಿಯೇ ವೇಳಾಪಟ್ಟಿಯ ಫೋಟೊ ತೆಗೆದುಕೊಳ್ಳಿ. ನಾಚಿಯಿಂದ ಕೀ-ಕಟ್ಸುಉರಾ ನಿಲ್ದಾಣಕ್ಕೆ ಅರ್ಧ ಗಂಟೆ, ಅಲ್ಲಿಂದ ಕುರೋಶಿಯೊ ಸುಮಾರು ನಾಲ್ಕು ಗಂಟೆಯಲ್ಲಿ ಒಸಾಕಾ ಮುಟ್ಟಿಸುತ್ತದೆ. ಸೀಟು ಎಡಗಡೆಯದೇ ಕೇಳಿ, ಸಮುದ್ರ ಆ ಕಡೆ.